ಯಾವ ಕಣ್ಣು ಕಾದೀತು, ಯಾವುದು ಕಾಯದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ನೆಲ ಅಗೆದರೆ ಸುಣ್ಣದ ಕಲ್ಲು ಸಿಗುತ್ತದೆ. ಅದೇ ಕಲ್ಲು ಶಹಾಬಾದಿನ ಪರ್ಸಿಯಾಗಿ ಎಷ್ಟೋ ಊರುಗಳ ಪಡಸಾಲೆಗೆ ಹಾಸಾಗಿದೆ. ವಾಡಿ, ಮಳಖೇಡ, ಸೇಡಂಗಳ ಕಾರ್ಖಾನೆಗಳಲ್ಲಿ ಸಿಮೆಂಟಾಗಿ ಲಾರಿ, ರೈಲು ಹತ್ತುತ್ತದೆ. ಕಲ್ಲಿನ ಮೇಲೆ ಕಪ್ಪು ಮಣ್ಣು, ಮಣ್ಣಿನ ಮೇಲೆ ತೊಗರಿ. ಡಿಸೆಂಬರ್, ಜನವರಿಯಲ್ಲಿ ರಾಶಿ ಮಷಿನ್ ಹೊಲಕ್ಕೆ ಬಂತೆಂದರೆ ಹೊಟ್ಟು, ಧೂಳು ಎರಡೂ ಮುಖಕ್ಕೇ. ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು. ಕಲ್ಲು, ಸುಣ್ಣ, ಹೊಟ್ಟು, ಬಿಸಿಲು ನಾಲ್ಕಕ್ಕೂ ಮೊದಲು ಸಿಗುವುದು ಕಣ್ಣು.

ಆ ಕಣ್ಣಿಗೆ ಏನಾದರೂ ಆದರೆ ಹೋಗುವುದೆಲ್ಲಿಗೆ? ತಾಲೂಕು ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆದುಕೊಡುತ್ತಾರೆ. ಆದರೆ ಕಣ್ಣಿನ ಹಿಂಪರದೆಯಾದ ರೆಟಿನಾಕ್ಕೆ ಲೇಸರ್, ಕರಿಗುಡ್ಡೆಯ ಮುಂಪರದೆಯಾದ ಕಾರ್ನಿಯಾಕ್ಕೆ ಕಸಿ ಎಂದರೆ ದೊಡ್ಡ ಊರಿನ ದಾರಿ ಹಿಡಿಯಲೇಬೇಕು. ಶಹಾಬಾದ್, ವಾಡಿಯವರಿಗೆ ರೈಲು ಹತ್ತಿದರೆ ಕಲಬುರಗಿ ಹತ್ತಿರವೇ. ಚಿತ್ತಾಪುರ, ಸೇಡಂ ಇರುವುದು ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿ. ಹಾಗಾಗಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯ ಹೆಸರು ಅಲ್ಲಿನವರಿಗೆ ಹೊಸದಲ್ಲ. ಚಿಂಚೋಳಿಗೆ ರೈಲೇ ಇಲ್ಲ, ಕಲಬುರಗಿಗೆ 80 ಕಿ.ಮೀ.ಗೂ ಮಿಕ್ಕಿದ ಬಸ್ ಹಾದಿ. ಹೀಗಿರುವಾಗ ಬೇನೆಗಳ ಹೆಸರು ಕಲಿಯುವುದಕ್ಕಿಂತ ಮೊದಲು ತಿಳಿಯಬೇಕಾದದ್ದು ಒಂದೇ: ಯಾವುದಕ್ಕೆ ಎಷ್ಟು ಹೊತ್ತಿದೆ? ಕೆಲವಕ್ಕೆ ನಿಮಿಷಗಳ ಗಡುವು, ಕೆಲವಕ್ಕೆ ದಿನಗಳದ್ದು. ಕೆಲವು ಬೇನೆಗಳು ಸುಗ್ಗಿ ಮುಗಿಯುವ ತನಕ ಕಾದಾವು. ಈ ಲೆಕ್ಕ ತಪ್ಪಿಯೇ ನಮ್ಮಲ್ಲಿ ಹೆಚ್ಚು ಕಣ್ಣು ಹೋಗುವುದು. ಕಾಯಬಾರದವರು ಮನೆಯಲ್ಲಿ ಕೂತಿರುತ್ತಾರೆ, ಕಾಯಬಹುದಾದವರು ಗಾಬರಿಯಿಂದ ಓಡುತ್ತಾರೆ.

ಎಲ್ಲಕ್ಕಿಂತ ತುರ್ತಿನದು ಸುಣ್ಣ. ಆಸಿಡ್ ಕಣ್ಣಿಗೆ ಬಿದ್ದರೆ ಮೇಲಿನ ಪದರ ಹೆಪ್ಪುಗಟ್ಟಿ, ಅದೇ ಒಂದು ತಡೆಯಾಗಿ, ಒಳಗೆ ಇಳಿಯುವುದು ಅಷ್ಟಿಷ್ಟು ನಿಲ್ಲುತ್ತದೆ. ಸುಣ್ಣದಂಥ ಕ್ಷಾರ ಹಾಗಲ್ಲ. ಅದು ಜೀವಕೋಶದ ಕೊಬ್ಬನ್ನು ಕರಗಿಸುತ್ತ ಒಳಗೊಳಗೆ ಇಳಿಯುತ್ತದೆ. ಹಸಿ ಸಿಮೆಂಟಿನಲ್ಲೂ ಇರುವುದು ಇದೇ ಗುಣ. ಗೋಡೆಗೆ ಸುಣ್ಣ ಬಳಿಯುವವರು, ಗಿಲಾವು ಮಾಡುವ ಗೌಂಡಿಗಳು, ಸಿಮೆಂಟ್ ಚೀಲ ಹೊರುವ ಹಮಾಲರು ಅಪಾಯದಲ್ಲಿರುವವರೆಂದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದವರು ಮನೆಯ ಮಕ್ಕಳು. ತಂಬಾಕಿನ ಜೊತೆ ಬರುವ ಸುಣ್ಣದ ಪುಟ್ಟ ಪಾಕೀಟನ್ನು ಮಗು ಹಿಚುಕಿದರೆ ಅದು ಒಡೆದು ಸಿಡಿಯುವುದು ನೇರ ಕಣ್ಣಿಗೇ. ಇಂಥ ಮಕ್ಕಳನ್ನು ಕಂಡಿಲ್ಲವೆನ್ನುವ ಕಣ್ಣಿನ ಡಾಕ್ಟರು ಭಾರತದಲ್ಲಿ ಅಪರೂಪ.

ಆಗ ಮಾಡಬೇಕಾದದ್ದು ಆಸ್ಪತ್ರೆಗೆ ಓಡುವುದಲ್ಲ. ಮೊದಲು ನೀರು. ಕೊಡ, ಬಕೆಟ್, ನಳ, ಬೋರ್, ಯಾವುದು ಹತ್ತಿರವೋ ಅದರ ಶುದ್ಧ ನೀರು. ರೆಪ್ಪೆ ಅಗಲಿಸಿ ಹಿಡಿದು ಅರ್ಧ ಗಂಟೆ ಬಿಡದೆ ಸುರಿಯಬೇಕು. ಮಗು ಚೀರುತ್ತದೆ, ಮನೆಯವರಿಗೆ ಕರುಳು ಚುರುಕ್ ಅನ್ನುತ್ತದೆ, ಆದರೂ ನಿಲ್ಲಿಸಬಾರದು. ರೆಪ್ಪೆಯ ಒಳಮಡಿಕೆಯಲ್ಲಿ ಸುಣ್ಣದ ಹರಳು ಅಂಟಿಕೊಂಡಿದ್ದರೆ ಒದ್ದೆ ಬಟ್ಟೆಯ ತುದಿಯಿಂದ ತೆಗೆಯಬೇಕು. ಕ್ಷಾರಕ್ಕೆ ಹುಳಿ ಮದ್ದೆಂದು ನಿಂಬೆರಸ, ತಂಪಿಗೆಂದು ತುಪ್ಪ, ಹರಳೆಣ್ಣೆ, ತಾಯಿಯ ಎದೆಹಾಲು ಇವೊಂದೂ ಬೇಡ. ತೊಳೆದ ಮೇಲೆ ಗಾಡಿ ಹತ್ತಬೇಕು. ಅಲ್ಲಿ ಡಾಕ್ಟರು ಮತ್ತೆ ತೊಳೆಯುತ್ತಾರೆ, ಉರಿ ತಗ್ಗಿಸುವ ಮತ್ತು ಸೋಂಕು ತಡೆಯುವ ಹನಿ ಹಾಕುತ್ತಾರೆ, ಗಾಯ ದೊಡ್ಡದಿದ್ದರೆ ಹೆರಿಗೆಯಲ್ಲಿ ಸಿಗುವ ಗರ್ಭದ ಪೊರೆಯ ತುಣುಕನ್ನು ಕಣ್ಣಿನ ಮೇಲೆ ಹೊದಿಸಿ ಮಾಯುವಂತೆ ಮಾಡುತ್ತಾರೆ. ಆದರೆ ಕಣ್ಣು ಉಳಿಯುವುದೋ ಬಿಡುವುದೋ ಎಂಬುದು ಬಹುಮಟ್ಟಿಗೆ ನಳದ ಹತ್ತಿರವೇ ತೀರ್ಮಾನವಾಗಿರುತ್ತದೆ.

ಎರಡನೆಯದು ಕಲ್ಲು, ಕಬ್ಬಿಣ. ಖಣಿಯಲ್ಲಿ ಸುತ್ತಿಗೆ ಉಳಿಯ ಮೇಲೆ ಬಿದ್ದಾಗ ಹಾರುವುದು ಕಲ್ಲಿನ ಚೂರಷ್ಟೇ ಅಲ್ಲ, ಉಳಿಯ ತಲೆಯ ಕಬ್ಬಿಣದ ಸಿಪ್ಪೆಯೂ ಹಾರುತ್ತದೆ. ಕಲ್ಲಿನ ಚೂರು ಸಾಮಾನ್ಯವಾಗಿ ಕರಿಗುಡ್ಡೆಯ ಮೇಲೆ ನಾಟಿಕೊಂಡು ಚುಚ್ಚುತ್ತದೆ. ಹಾಗಾಗಿ ಕೆಲಸಗಾರ ಡಾಕ್ಟರ ಹತ್ತಿರ ಹೋಗುತ್ತಾನೆ, ಹನಿ ಹಾಕಿ ಮರಗಟ್ಟಿಸಿ ಸೂಜಿತುದಿಯಿಂದ ಅವರು ತೆಗೆಯುತ್ತಾರೆ, ಮುಗಿಯಿತು. ಕಬ್ಬಿಣದ ಸಿಪ್ಪೆಯ ಕಥೆ ಬೇರೆ. ಅದು ವೇಗವಾಗಿ ಬಂದು ಕಣ್ಣಿನೊಳಗೇ ಹೊಕ್ಕು ಕೂರಬಲ್ಲದು. ಹೊರಗೆ ಗೀಚಿದಷ್ಟು ಗಾಯ, ನೋವೂ ಕಡಿಮೆ, ದೃಷ್ಟಿಯೂ ನೆಟ್ಟಗೆ. 'ಏನ್ ಆಗಿಲ್ಲ ಬಿಡ್ರಿ' ಎಂದು ಮರುದಿನವೂ ಕೆಲಸಕ್ಕೆ ಹೋಗುತ್ತಾನೆ. ಒಳಗಿನ ಕಬ್ಬಿಣ ಮಾತ್ರ ತಿಂಗಳುಗಟ್ಟಲೆ ತುಕ್ಕು ಬಿಡುತ್ತ ರೆಟಿನಾವನ್ನು ಕೊಲ್ಲುತ್ತದೆ. ಆದ್ದರಿಂದ ಲೋಹದ ಮೇಲೆ ಲೋಹ ಹೊಡೆಯುವಾಗ ಕಣ್ಣಿಗೆ ಏನೋ ತಾಗಿತೆಂದರೆ ನೋವಿಲ್ಲದಿದ್ದರೂ ಎಕ್ಸ್‌ರೇ ಅಥವಾ ಸಿ.ಟಿ. ಮಾಡಿಸಬೇಕು. ಎಂ.ಆರ್.ಐ. ಮಾತ್ರ ಕೂಡದು, ಅದರ ಅಯಸ್ಕಾಂತ ಚೂರನ್ನು ಎಳೆದಾಡುತ್ತದೆ. ಕಣ್ಣು ಹರಿದಂತೆ ಕಂಡರೆ ಒತ್ತಬಾರದು, ಉಜ್ಜಬಾರದು, ಈ ಸಲ ತೊಳೆಯಲೂಬಾರದು. ಪೇಪರ್ ಕಪ್ಪೊಂದನ್ನು ಮೇಲೆ ಕವುಚಿ ಪಟ್ಟಿ ಹಚ್ಚಿ ಹೊರಡಬೇಕು.

2025ರ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ 35ನೇ ಕಲಂ ಇದ್ದದ್ದೇ ಕಣ್ಣಿನ ರಕ್ಷಣೆಗೆ. ಚೂರು ಸಿಡಿಯುವ, ವಿಪರೀತ ಬೆಳಕು ಹೊಡೆಯುವ ಕೆಲಸದಲ್ಲಿ ಕನ್ನಡಕವನ್ನೋ ತಡೆಪರದೆಯನ್ನೋ ಮಾಲೀಕ ಒದಗಿಸಬೇಕೆಂದು ಅದು ಹೇಳಿತ್ತು. ದೊಡ್ಡ ಕಾರ್ಖಾನೆಯ ಗೇಟಿನೊಳಗೆ ಈ ನಿಯಮ ಗೋಡೆಯ ಮೇಲಾದರೂ ಇರುತ್ತದೆ. ಪರ್ಸಿ ಪಾಲಿಶ್ ಮಾಡುವ ಶೆಡ್ಡಿನಲ್ಲಿ, ಬಯಲಿನ ಖಣಿಯಲ್ಲಿ, ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ನೂರೈವತ್ತು ರೂಪಾಯಿಯ ಪ್ಲಾಸ್ಟಿಕ್ ಕನ್ನಡಕವೂ ಕಾಣುವುದಿಲ್ಲ. ವೆಲ್ಡಿಂಗ್ ಬೆಳಕು ಬರಿಗಣ್ಣಿಗೆ ಹೊಡೆದರೆ ರಾತ್ರಿ ಕಣ್ಣಲ್ಲಿ ಉಸುಕು ಸುರಿದಂತಾಗಿ ನಿದ್ದೆಗೆಡಿಸುತ್ತದೆ. ಒಂದೆರಡು ದಿನದಲ್ಲಿ ಅದು ಇಳಿಯುತ್ತದೆ ಎಂಬುದೇ ಸಮಾಧಾನ, ಅದೇ ಉಪೇಕ್ಷೆಗೂ ಕಾರಣ.

ತೊಗರಿ ಕಡ್ಡಿಯ ಗಾಯಕ್ಕೆ ಗಡುವು ಒಂದೆರಡು ದಿನ. ಕೊಯ್ಯುವಾಗ ಕಟ್ಟಿಗೆ ತಗಲಿ ಕಣ್ಣು ಗೀಚುತ್ತದೆ, ನೀರು ಸುರಿಯುತ್ತದೆ, ಸಂಜೆಗೆ ಮರೆತುಹೋಗುತ್ತದೆ. ಮೂರು ನಾಲ್ಕು ದಿನಕ್ಕೆ ಕರಿಗುಡ್ಡೆಯ ಮೇಲೆ ಬಿಳಿಚುಕ್ಕೆ. ಕಡ್ಡಿಯ ಜೊತೆ ಹೊಲದ ಬೂಷ್ಟು ಒಳಸೇರಿ ಕಾರ್ನಿಯಾದಲ್ಲಿ ಹುಣ್ಣು ಎದ್ದಿದೆ ಎಂಬುದರ ಗುರುತು ಅದು. ಬಿಸಿ ಸೀಮೆಗಳ ಬೇಸಾಯಗಾರರಲ್ಲಿ ಇಂಥ ಹುಣ್ಣಿಗೆ ಬ್ಯಾಕ್ಟೀರಿಯಾದಷ್ಟೇ ಬೂಷ್ಟೂ ಕಾರಣ. ಇದಕ್ಕೆ ನಾಟಮೈಸಿನ್ ಎಂಬ ಹನಿ ಇದೆ. ಮೊದಮೊದಲು ಗಂಟೆಗೊಮ್ಮೆ, ಒಟ್ಟು ವಾರಗಟ್ಟಲೆ ಹಾಕಬೇಕಾಗುತ್ತದೆ. ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಡಿ ನೋಡಿದರೆ ಯಾವ ಜಂತು ಎಂಬುದು ತಿಳಿಯುತ್ತದೆ.

ಆದರೆ ನಡುವೆ ಮೆಡಿಕಲ್ ಅಂಗಡಿ ಬರುತ್ತದೆ. 'ಕಣ್ಣ ಕೆಂಪಾಗ್ಯದ, ಹನಿ ಕೊಡ್ರಿ' ಅಂದರೆ ಕೈಗೆ ಬರುವ ಬಾಟಲಿಯಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಂಪು ಅರ್ಧ ದಿನದಲ್ಲಿ ಇಳಿಯುತ್ತದೆ, ಬೂಷ್ಟು ಅದೇ ಹನಿಯ ನೆರಳಲ್ಲಿ ಹಬ್ಬುತ್ತದೆ. ಹಳ್ಳಿಗಳಲ್ಲಿ ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವವರಿದ್ದಾರೆ. ಕೈ ನಡುಗದೆ, ಕಾಸು ಕೇಳದೆ ಉಪಕಾರ ಮಾಡುವವರು, ಅವರ ಬಗ್ಗೆ ಹಗುರವಾಗಿ ಮಾತಾಡುವ ಮನಸ್ಸಿಲ್ಲ. ಆದರೂ ಗೀಚಿದ ಕಣ್ಣಿಗೆ ಬಾಯಿಯ ಜಂತು ಸೇರಿದರೆ ಹುಣ್ಣಾಗಬಹುದು.

ಹುಣ್ಣು ಮಾಯ್ದರೂ ಕಲೆ ಉಳಿಯುತ್ತದೆ. ನಡುಗಣ್ಣಲ್ಲಿ ಕಲೆಯಾದರೆ ಕಸಿಯೊಂದೇ ದಾರಿ, ಅದಕ್ಕೆ ಸತ್ತವರ ಕಣ್ಣು ಬೇಕು. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣು ನಾಲ್ವರಿಗೆ ಆದವು. ಕಾರ್ನಿಯಾದ ಮುಂಪದರ, ಹಿಂಪದರಗಳನ್ನು ಬೇರ್ಪಡಿಸಿ, ಯಾರಿಗೆ ಯಾವ ಪದರ ಕೆಟ್ಟಿತ್ತೋ ಅದನ್ನಷ್ಟೇ ಕೂಡಿಸಿದ್ದರಿಂದ ಅದು ಸಾಧ್ಯವಾಯಿತು. ಕಣ್ಣು ತೆಗೆಯಲು ಸಾವಿನ ನಂತರ ಆರು ಗಂಟೆಯಷ್ಟೇ ಸಮಯ.

ಕೆಂಪಗಾದ ಕಣ್ಣೆಲ್ಲ ಅಪಾಯದ್ದಲ್ಲ. 2023ರ ಮಳೆಗಾಲದಲ್ಲಿ ರಾಜ್ಯದುದ್ದಕ್ಕೂ ಶಾಲೆಗಳಲ್ಲಿ 'ಕಣ್ಣು ಬಂದಾವ' ಎಂಬ ಮಾತೇ ಇತ್ತು. ಅಂಥ ಕಣ್ಣುಬೇನೆ ಬಹುತೇಕ ವೈರಸ್ಸಿನದು, ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಕೈ ತೊಳೆಯುವುದು, ಟವೆಲ್ ಬೇರೆ ಇಡುವುದು, ತಣ್ಣೀರ ಪಟ್ಟಿ ಸಾಕು. ಕಪ್ಪು ಕನ್ನಡಕ ಹಾಕಿದವರನ್ನು ನೋಡಿದರೆ ಅಂಟುವುದಿಲ್ಲ, ಅವರ ಕೈ ಮುಟ್ಟಿದ್ದನ್ನು ಮುಟ್ಟಿ ಕಣ್ಣು ಉಜ್ಜಿಕೊಂಡರೆ ಅಂಟುತ್ತದೆ. ಬೆಳಕು ನೋಡಲಾಗದಷ್ಟು ನೋವು, ಮಸುಕು, ಕರಿಗುಡ್ಡೆಯಲ್ಲಿ ಬಿಳಿಚುಕ್ಕೆ, ಈ ಮೂರರಲ್ಲಿ ಒಂದಿದ್ದರೂ ಅದು ಬರೀ ಕಣ್ಣುಬೇನೆಯಲ್ಲ.

ನನಗೆ ಹೆಚ್ಚು ಆತಂಕ ತರುವುದು ಬೇಸಿಗೆಯ ತುರಿಕೆಗಣ್ಣು. ಒಣ ಬಿಸಿಲಿನ ನಾಡಿನಲ್ಲಿ ಐದರಿಂದ ಹದಿನೈದು ವರ್ಷದ ಮಕ್ಕಳಿಗೆ, ಅದರಲ್ಲೂ ಗಂಡುಹುಡುಗರಿಗೆ, ವರ್ಷ ವರ್ಷವೂ ಮರುಕಳಿಸುವ ಅಲರ್ಜಿ ಇದು. ಕಣ್ಣು ಸದಾ ಉಜ್ಜುವುದು, ದಾರದಂಥ ಪಿಸುರು, ಬಿಳಿಗುಡ್ಡೆ ಕಂದುಬಣ್ಣಕ್ಕೆ ತಿರುಗುವುದು. ಒಮ್ಮೆ ಬರೆದುಕೊಟ್ಟ ಸ್ಟೀರಾಯ್ಡ್ ಹನಿ ಎರಡೇ ದಿನದಲ್ಲಿ ಆರಾಮ ಕೊಡುತ್ತದೆ. ಅದೇ ಚೀಟಿ ತೋರಿಸಿ ಮನೆಯವರು ಪ್ರತಿ ಬೇಸಿಗೆ ಅದನ್ನೇ ತರುತ್ತಾರೆ. ಹುಡುಗ ಪಿಯುಸಿಗೆ ಬರುವ ಹೊತ್ತಿಗೆ ಅಲರ್ಜಿ ವಯಸ್ಸಿನ ಜೊತೆ ಹೋಗಿರುತ್ತದೆ. ಹನಿಯಿಂದ ಕಣ್ಣಿನ ಒತ್ತಡ ಏರಿ ನರ ಒಣಗಿದ್ದರೆ ಅದು ಮಾತ್ರ ತಿರುಗಿ ಬರುವುದಿಲ್ಲ. ಸ್ಟೀರಾಯ್ಡ್ ಇಲ್ಲದ ಅಲರ್ಜಿ ಹನಿಗಳಿವೆ, ತಣ್ಣನೆಯ ಪಟ್ಟಿಯಿದೆ, ಟೊಪ್ಪಿಗೆಯಿದೆ. ಹಳೆ ಚೀಟಿ ಹರಿದುಹಾಕಿ.

ಒತ್ತಡ ಏರುವ ಆ ಬೇನೆಯೇ ಗ್ಲಾಕೋಮಾ. ಕಣ್ಣಿನ ಒಳಗೆ ಸದಾ ನೀರು ಊರುತ್ತಿರುತ್ತದೆ, ಕರಿಗುಡ್ಡೆಯ ಅಂಚಿನ ಜಾಲರಿಯಿಂದ ಹರಿದು ಹೋಗುತ್ತಿರುತ್ತದೆ. ಬಚ್ಚಲಿನ ತೂಬು ಕಟ್ಟಿದಂತೆ ಆ ಜಾಲರಿ ಕಟ್ಟಿದರೆ ಒತ್ತಡ ಏರಿ ಹಿಂದಿನ ನರ ಸಾಯುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸ. ಆದರೆ ಕೆಲವರ ನರ ಅದರೊಳಗೂ ಕೆಡುವುದರಿಂದ ನರವನ್ನೂ ನೋಡಲೇಬೇಕು. ಗ್ಲಾಕೋಮಾದಲ್ಲಿ ಎರಡು ಬಗೆ. ಒಂದು ಥಟ್ಟನೆ ಬರುವುದು, ನಮ್ಮ ಹೆಂಗಸರಲ್ಲಿ ಹೆಚ್ಚು. ಕಣ್ಣು ಕೆಂಪು, ತಲೆ ಸಿಡಿತ, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ವಾಂತಿ ನೋಡಿ ಪಿತ್ತವೆಂದು, ತಲೆನೋವು ನೋಡಿ ಅರೆತಲೆಶೂಲೆಯೆಂದು ರಾತ್ರಿ ಕಳೆದರೆ ಬೆಳಗಾಗುವಷ್ಟರಲ್ಲಿ ಕಣ್ಣು ಹೋಗಬಲ್ಲದು. ಬೇಗ ಹೋದರೆ ಔಷಧದಿಂದ ಒತ್ತಡ ಇಳಿಸಿ, ಲೇಸರಿನಿಂದ ಕಣ್ಣಿನ ಬಣ್ಣದ ಪರದೆಗೆ ಸಣ್ಣ ತೂತು ಕೊರೆದು ನೀರಿಗೆ ದಾರಿ ಮಾಡುತ್ತಾರೆ. ಇನ್ನೊಂದು ಕಣ್ಣಿಗೂ ಮುಂಚಿತವಾಗಿ ಹಾಗೇ ಮಾಡುತ್ತಾರೆ.

ಎರಡನೆಯ ಬಗೆ ಸದ್ದಿಲ್ಲದ್ದು. ನೋವಿಲ್ಲ, ಕೆಂಪಿಲ್ಲ, ಎದುರಿಗಿನದು ಸ್ಪಷ್ಟ. ಅಂಚಿನಿಂದ ನೋಟ ಕಿರಿದಾಗುತ್ತ ಬರುತ್ತದೆ. ಪಕ್ಕದಿಂದ ಬಂದ ಎತ್ತಿನ ಬಂಡಿ, ಬೈಕು ಕಾಣದೆ ಡಿಕ್ಕಿಯಾದ ಮೇಲಷ್ಟೇ ಅನುಮಾನ. ಟಿಮೊಲಾಲ್, ಲ್ಯಾಟಾನೊಪ್ರಾಸ್ಟ್‌ನಂಥ ಹನಿಗಳು ಇರುವ ನೋಟವನ್ನು ಕಾಯುತ್ತವೆ, ಕಳೆದದ್ದನ್ನು ತರುವುದಿಲ್ಲ. ಆದ್ದರಿಂದಲೇ 'ಹನಿ ಹಾಕಿದ್ರೂ ಏನೂ ಫರಕ್ ಇಲ್ಲ' ಎಂದು ಬಿಟ್ಟವರು ಬಹಳ. ಫರಕ್ ಇಲ್ಲದಿರುವುದೇ ಆ ಹನಿಯ ಕೆಲಸ. ತಂದೆ, ತಾಯಿ, ಅಣ್ಣ, ಅಕ್ಕ ಯಾರಿಗಾದರೂ ಇದ್ದರೆ ನಲವತ್ತರ ನಂತರ ವರ್ಷಕ್ಕೊಮ್ಮೆ ಒತ್ತಡ ನೋಡಿಸಬೇಕು.

ಸಕ್ಕರೆ ಕಾಯಿಲೆಯೂ ಹೀಗೇ ಸದ್ದಿಲ್ಲದೆ ರೆಟಿನಾದ ರಕ್ತನಾಳಗಳನ್ನು ಕೆಡಿಸುತ್ತದೆ. ಭಾರತದಲ್ಲಿ ಹತ್ತು ಕೋಟಿ ಜನಕ್ಕೆ ಮಧುಮೇಹ ಇದೆಯೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು, ಅದು ಪಟ್ಟಣದ ಶ್ರೀಮಂತರ ಬೇನೆಯಾಗಿ ಉಳಿದಿಲ್ಲ. ದೃಷ್ಟಿ ಚೆನ್ನಾಗಿರುವಾಗಲೇ ಹನಿ ಹಾಕಿ ಪಾಪೆ ಅಗಲಿಸಿ ವರ್ಷಕ್ಕೊಮ್ಮೆ ರೆಟಿನಾ ನೋಡಿಸಿದರೆ ಲೇಸರ್ ಅಥವಾ ಕಣ್ಣಿನೊಳಗಿನ ಚುಚ್ಚುಮದ್ದಿನಿಂದ ತಡೆಯಬಹುದು. ಮಸುಕಾದ ಮೇಲೆ ಹೋದರೆ ಅರ್ಧ ಯುದ್ಧ ಸೋತಾಗಿರುತ್ತದೆ. ಥಟ್ಟನೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಒಂದು ಕಡೆಯಿಂದ ಪರದೆ ಇಳಿದಂತಾದರೆ ಅದು ರೆಟಿನಾ ಕಳಚುತ್ತಿರುವ ಸೂಚನೆ. ಅದಕ್ಕೂ ದಿನಗಳ ಗಡುವೇ.

ಇನ್ನು ಕಾಯಬಲ್ಲ ಬೇನೆ. ಪೊರೆ, ಈ ಕಡೆಯವರ ಬಾಯಲ್ಲಿ ಮೋತಿಬಿಂದು. ಐವತ್ತು ದಾಟಿದವರ ಕುರುಡಿಗೆ ಮೂರರಲ್ಲಿ ಎರಡು ಪಾಲು ಇದೇ ಕಾರಣವೆಂದು 2015-19ರ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಗುಣವಾಗುವ ಕುರುಡು ಇಷ್ಟೊಂದು ಉಳಿದಿರುವುದೇ ನಾಚಿಕೆಗೇಡು.

ಪೊರೆಯ ವಿಷಯಕ್ಕೆ ಬಂದರೆ ಬೀಳಗಿಯ ಮುರುಗೆಪ್ಪ ಚನ್ನವೀರಪ್ಪ ಮೋದಿಯವರನ್ನು ಬಿಟ್ಟು ಮುಂದೆ ಹೋಗಲಾಗದು. 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿ ಆಸ್ಪತ್ರೆಯನ್ನೇ ಹಳ್ಳಿಗೆ ಒಯ್ದವರು. ಶಾಲೆಯ ಕೋಣೆ, ಚಪ್ಪರ ಎಲ್ಲಾದರೂ ಸಾಲಾಗಿ ಹಲಗೆ ಹಾಸಿ ಆಪರೇಷನ್. ಒಂದೇ ದಿನ 833 ಪೊರೆ ತೆಗೆದದ್ದು ಗಿನ್ನೆಸ್ ಪುಸ್ತಕಕ್ಕೆ ಸೇರಿತು, ಜೀವಮಾನದ ಲೆಕ್ಕ ಆರು ಲಕ್ಷ ದಾಟಿತು. ಆಗಿನ ವಿಧಾನದಲ್ಲಿ ಮಸುಕಾದ ಮಸೂರವನ್ನು ಚೀಲಸಮೇತ ತೆಗೆದುಬಿಡುತ್ತಿದ್ದರು, ಒಳಗೆ ಏನೂ ಇಡುತ್ತಿರಲಿಲ್ಲ. ಅದಕ್ಕೇ ಮುತ್ಯಾಗಳ ಮೂಗಿನ ಮೇಲೆ ಆ ಸೋಡಾ ಬಾಟಲಿ ತಳದ ಕನ್ನಡಕ. ಅದು ಕಳೆದರೆ ಮತ್ತೆ ಕುರುಡೇ. 'ಪೊರೆ ಮಾಗಲಿ, ಆಮೇಲೆ ತೆಗೆಸೋಣ' ಎಂಬ ಮಾತು ಹುಟ್ಟಿದ್ದೂ ಆ ಕಾಲದಲ್ಲೇ. ಮಾಗಿದ ಪೊರೆ ತೆಗೆಯಲು ಸಲೀಸು, ಪೂರ್ತಿ ಕಾಣದವನಿಗೆ ದಪ್ಪ ಕನ್ನಡಕವೂ ಲಾಭವೇ.

ಆ ಕಾಲ ಹೋಗಿದೆ, ಮಾತು ಉಳಿದಿದೆ. ಎರಡನೇ ಮಹಾಯುದ್ಧದ ಪೈಲಟ್‌ಗಳ ಕಣ್ಣಿನಲ್ಲಿ ವಿಮಾನದ ಪ್ಲಾಸ್ಟಿಕ್ ಗಾಜಿನ ಚೂರು ಕೂತರೂ ಕಣ್ಣು ಕೆರಳುವುದಿಲ್ಲವೆಂದು ಗಮನಿಸಿದ ಹೆರಾಲ್ಡ್ ರಿಡ್ಲಿ, 1949ರಲ್ಲಿ ಲಂಡನ್ನಿನಲ್ಲಿ ಅದೇ ಪ್ಲಾಸ್ಟಿಕ್ಕಿನ ಮಸೂರವನ್ನು ಕಣ್ಣಿನೊಳಗೆ ಇಟ್ಟರು. ದಶಕಗಳ ಕಾಲ ಅದು ಸಿರಿವಂತರ ಪಾಲಾಗಿತ್ತು. 1992ರಲ್ಲಿ ಮದುರೆಯ ಅರವಿಂದ್ ಆಸ್ಪತ್ರೆಯ ಅರೋಲ್ಯಾಬ್ ಅದನ್ನು ಇಲ್ಲೇ ತಯಾರಿಸಿ ಬೆಲೆ ಇಳಿಸಿದ ಮೇಲೆ ಹಳ್ಳಿಯ ಆಯಿಯ ಕಣ್ಣಿಗೂ ಲೆನ್ಸ್ ಬಂತು. ಈಗ ಆರು ಮಿ.ಮೀ. ಸೀಳಿನಿಂದ ಪೊರೆ ತೆಗೆದು ಲೆನ್ಸ್ ಕೂಡಿಸುತ್ತಾರೆ, ಹೊಲಿಗೆ ಬೇಕಿಲ್ಲ. ಇನ್ನೊಂದು ವಿಧಾನ ಫೇಕೋ, ಮೂರು ಮಿ.ಮೀ.ಗಿಂತ ಚಿಕ್ಕ ಸೀಳು. 'ಲೇಸರ್ ಆಪರೇಷನ್' ಎಂದು ಬ್ಯಾನರ್ ಕಟ್ಟಿದರೂ ಅಲ್ಲಿ ಪೊರೆ ಪುಡಿ ಮಾಡುವುದು ಬಹುತೇಕ ಶಬ್ದದ ಅಲೆ, ಲೇಸರ್ ಅಲ್ಲ. ಪೊರೆ ಗಟ್ಟಿಯಾಗಿದ್ದರೆ ಅಗ್ಗದ ಮೊದಲ ವಿಧಾನವೇ ಎಷ್ಟೋ ಸಲ ಸುರಕ್ಷಿತ. ಲೆನ್ಸಿನ ಬೆಲೆ ನೋಡಿ ಆಪರೇಷನ್ನಿನ ಗುಣ ಅಳೆಯುವುದು ದಡ್ಡತನ.

ಪೊರೆ ಕರಗಿಸುವ ಹನಿ ಇಲ್ಲ, ಇದೆ ಎಂದು ಮಾರುವವರಿದ್ದಾರೆ. ಆಪರೇಷನ್ನಿಗೆ ಚಳಿಗಾಲವೇ ಬೇಕೆಂದಿಲ್ಲ. ಓದುವುದಕ್ಕೆ, ಅಕ್ಕಿ ಆರಿಸುವುದಕ್ಕೆ, ರಸ್ತೆ ದಾಟುವುದಕ್ಕೆ ತೊಡಕಾದರೆ ಹೊತ್ತು ಬಂದಿದೆ ಎಂದರ್ಥ. ಸುಗ್ಗಿ ಮುಗಿಯುವ ತನಕ ಮುಂದೂಡಿದರೆ ಅಡ್ಡಿಯಿಲ್ಲ, ವರ್ಷಗಟ್ಟಲೆ ಅಲ್ಲ. ಅತಿಯಾಗಿ ಮಾಗಿದ ಪೊರೆ ಉಬ್ಬಿ ಅಥವಾ ಸೋರಿ ಒತ್ತಡ ಏರಿಸುತ್ತದೆ. ಆಪರೇಷನ್ ಆಗಿ ಒಂದೆರಡು ವರ್ಷಕ್ಕೆ ಮತ್ತೆ ಮಸುಕಾದರೆ 'ಪೊರೆ ಮತ್ತೆ ಬಂದದ' ಎಂದು ಬೈಯಬೇಕಿಲ್ಲ. ಲೆನ್ಸಿನ ಹಿಂದಿನ ಚೀಲ ಮಬ್ಬಾಗಿರುತ್ತದೆ, ಯಾಗ್ ಲೇಸರಿನಿಂದ ನಿಮಿಷಗಳಲ್ಲಿ ಸರಿಹೋಗುತ್ತದೆ. ಆದರೆ ಆಪರೇಷನ್ನಿನ ಮೊದಲ ವಾರದಲ್ಲಿ ನೋವು ಏರಿ ನೋಟ ಇಳಿದರೆ ಅದು ಸೋಂಕಿರಬಹುದು, ಅಂದೇ ಹೋಗಬೇಕು.

ಮಕ್ಕಳ ಗಡುವು ಬೇರೆ ಲೆಕ್ಕದ್ದು. ಮೆಳ್ಳಗಣ್ಣು ಅದೃಷ್ಟವೆಂದು ಬಿಟ್ಟ ಮಗುವಿನ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸೋಮಾರಿ ಕಣ್ಣನ್ನು ದುಡಿಸಿದರೆ ನೋಟ ಬರುತ್ತದೆ, ಆಮೇಲೆ ಕಷ್ಟ. ಇರುಳುಗಣ್ಣಿಗೆ ಒಂದು ಕಾಲಕ್ಕೆ ವಿಟಮಿನ್ ಎ ಕೊರತೆಯೇ ಮುಖ್ಯ ಕಾರಣವಾಗಿತ್ತು. 9 ತಿಂಗಳಿಂದ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕುಡಿಸುವ ದ್ರಾವಣ ಅದಕ್ಕೇ, ನುಗ್ಗೆಸೊಪ್ಪಿನ ಪಲ್ಯವೂ ಅದಕ್ಕೇ. ಇನ್ನೊಂದು ಇರುಳುಗಣ್ಣು ಹುಟ್ಟಿನಿಂದಲೇ ರೆಟಿನಾದಲ್ಲಿ ಬರೆದಿರುವಂಥದ್ದು. ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ರೂಢಿಯಲ್ಲಿ ಅದರ ಸಂಭವ ಹೆಚ್ಚು, ಅದಕ್ಕೆ ಸಾಮಾನ್ಯ ಆಸ್ಪತ್ರೆಯಲ್ಲಿ ಮದ್ದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಧೂಳಿನ ಸೀಮೆಗಳನ್ನು ಕಾಡಿದ್ದ ಟ್ರಕೋಮಾ ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಅದೇ ವರ್ಷ ಫೆಬ್ರುವರಿಯಲ್ಲಿ ಹಾವೇರಿಯಲ್ಲಿ ಚಾಲನೆಗೊಂಡ ರಾಜ್ಯದ ಆಶಾಕಿರಣ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ಕಲಬುರಗಿಯೂ ಇತ್ತು. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಲ್ಲೇ ದೃಷ್ಟಿ ನೋಡುವುದು, ಬೇಕಾದವರಿಗೆ ಪುಕ್ಕಟೆ ಕನ್ನಡಕ, ಪುಕ್ಕಟೆ ಪೊರೆ ಆಪರೇಷನ್ ಅದರ ತಿರುಳು. ಆದರೆ ಮನೆ ಬಾಗಿಲಲ್ಲಿ ಅಕ್ಷರ ಓದಿಸಿದರೆ ಪೊರೆ, ಚಾಳೀಸು ಸಿಗುತ್ತವೆ. ಗ್ಲಾಕೋಮಾ, ಸಕ್ಕರೆಯ ರೆಟಿನಾ ಸಿಗುವುದಿಲ್ಲ. ಅದಕ್ಕೆ ತಾಲೂಕು ಆಸ್ಪತ್ರೆಯಲ್ಲಿ ಒತ್ತಡ ಅಳೆಯುವ ಯಂತ್ರ, ರೆಟಿನಾ ಫೋಟೊ ತೆಗೆಯುವ ಕ್ಯಾಮೆರಾ ಬೇಕು. ಚಿಂಚೋಳಿಯಂಥ ದೂರದ ತಾಲೂಕಿಗೆ ಮೊದಲು ಬೇಕು. ಜನ ಕೇಳಬೇಕಾದ ಬೇಡಿಕೆ ಇದು.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಗೋಡೆಯ ಕ್ಯಾಲೆಂಡರಿನಿಂದ ಹತ್ತು ಹೆಜ್ಜೆ ದೂರ ನಿಂತು, ಮನೆಯ ಪ್ರತಿಯೊಬ್ಬರೂ ಒಂದೊಂದೇ ಕಣ್ಣು ಅಂಗೈಯಿಂದ ಮುಚ್ಚಿ ದಿನಾಂಕ ಓದಿ. ಎರಡು ಕಣ್ಣಿಗೆ ಎರಡು ಬಗೆಯಾಗಿ ಕಂಡರೆ ಈ ವಾರವೇ ತೋರಿಸಿ. ಖಣಿಗೆ, ಶೆಡ್ಡಿಗೆ, ರಾಶಿಗೆ ಹೋಗುವವರಿದ್ದರೆ ಬುತ್ತಿಯ ಜೊತೆ ಕನ್ನಡಕವನ್ನೂ ಕೊಟ್ಟು ಕಳಿಸಿ, ತಂಬಾಕಿನ ಸುಣ್ಣದ ಪಾಕೀಟನ್ನು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ.